ಲೂಪಸ್ ಸಂಶೋಧನೆಗೆ 40,000 ರೂಪಾಯಿ: ಯಾರಿಗೆ, ಯಾವುದಕ್ಕೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರ ಪತ್ರದ ಸಾರ: ‘ನಮ್ಮ ಮಹಿಳಾ ಸಂಘದ ಇಬ್ಬರಿಗೆ ಲೂಪಸ್ ಇದೆ, ಮಂಗಳೂರಿನಲ್ಲಿ ಚಿಕಿತ್ಸೆ. ಸಂಶೋಧನೆಗೆಂದು 40,000 ರೂ. ಕೂಡಿಸಿದ್ದೇವೆ. ಇಷ್ಟರಿಂದ ಏನಾದೀತು? ಗಲ್ಫಿನಲ್ಲಿರುವ ಮಕ್ಕಳೂ ಕಳಿಸಬಹುದೇ?’

ಸಂಪಾದಕರ ಉತ್ತರ:

ಲೂಪಸ್ ಎಂದರೆ ದೇಹದ ರೋಗನಿರೋಧಕ ಶಕ್ತಿಯೇ ತನ್ನ ಅಂಗಗಳ ಮೇಲೆ ತಿರುಗಿಬೀಳುವ ದೀರ್ಘಕಾಲದ ರೋಗ. ಅದಕ್ಕೆ ಹೊಸ ಮದ್ದು ಹುಡುಕಲು ಈ ಹಣ ಸಾಲದು, ಆ ಕೆಲಸಕ್ಕೆ ಕೊಡುವುದೂ ಬೇಡ. ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕ ಬೆಲಿಮುಮ್ಯಾಬ್, 2021ರ ಅನಿಫ್ರೊಲುಮ್ಯಾಬ್ ಎಂಬ ಲೂಪಸ್ ಮದ್ದುಗಳೆಲ್ಲ ಕಂಪೆನಿಗಳ ಬಂಡವಾಳದಿಂದ ಪೇಟೆಗೆ ಬಂದವು. ನಿಮ್ಮ ಸಂಘದವರು ದಿನಾ ನುಂಗುವುದು ಬಹುಶಃ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಹಳೆಯ ಮಾತ್ರೆ. ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1955ರಲ್ಲಿ, ಪೇಟೆಂಟ್ ಎಂದೋ ಮುಗಿದಿದೆ. ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ದಾಟದಂತೆ ಕೊಡುತ್ತಾರೆ. ಹೆಚ್ಚಾದರೆ ವರ್ಷಗಳು ಉರುಳಿದಂತೆ ಕಣ್ಣಿನ ಅಕ್ಷಿಪಟಲಕ್ಕೆ ಅಪಾಯ. ಕಡಿಮೆಯಾದರೆ ರೋಗ ಮತ್ತೆ ಕೆರಳೀತು. 45 ಕಿಲೋ ತೂಗುವ ನಮ್ಮೂರ ಹೆಂಗಸಿಗೆ ಎಷ್ಟು ಸರಿ, ರಕ್ತದಲ್ಲಿ ಅದರ ಮಟ್ಟ ಎಷ್ಟಿರಬೇಕು ಎಂದು ಅಳೆದು ನೋಡುವುದರಲ್ಲಿ ಯಾವ ಕಂಪೆನಿಗೂ ಲಾಭವಿಲ್ಲ. ದಾನದ ದುಡ್ಡು ಬೇಕಾದದ್ದು ಇಲ್ಲಿಗೆ.

ಇಂಥ ಅಧ್ಯಯನಗಳು ಹೆಚ್ಚಾಗಿ ಮುಗ್ಗರಿಸುವುದು ಮರುಭೇಟಿಯಲ್ಲಿ. ಲೂಪಸ್ ಮೂತ್ರಪಿಂಡಕ್ಕೆ ಇಳಿದಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುತ್ತದೆ, ನೊರೆ ಕಂಡರೂ ಯಾರೂ ಗಮನಿಸುವುದಿಲ್ಲ. ‘ಈಗ ಹುಷಾರಾಗಿದ್ದೇನಲ್ಲ’ ಎಂದು ರೋಗಿ ಮೂರನೇ ತಿಂಗಳು ಮಂಗಳೂರಿನ ರೈಲು ಹತ್ತುವುದಿಲ್ಲ. ಕುಂಬಳೆಯ ಲ್ಯಾಬಿನಲ್ಲಿ ಮಾಡಿಸಿದ ವರದಿ ಗಡಿಯಾಚೆಯ ಫೈಲಿಗೆ ಸೇರುವುದಿಲ್ಲ. ಅಧ್ಯಯನಕ್ಕೆಂದು ಮೈನಸ್ 80 ಡಿಗ್ರಿಯಲ್ಲಿ ಇಟ್ಟ ಆಕೆಯ ರಕ್ತದ ಮಾದರಿ ಹಾಗೇ ಉಳಿದರೂ, ಅದನ್ನು ಹೋಲಿಸಿ ನೋಡಲು ಮುಂದಿನ ದಾಖಲೆಯೇ ಇಲ್ಲ.

ಆದ್ದರಿಂದ ನಿಮ್ಮ ಹಣವನ್ನು ‘ಮರುಭೇಟಿಯ ಪ್ರಯಾಣ ಮತ್ತು ಮೂತ್ರ ಪರೀಕ್ಷೆ’ ಎಂಬ ಬಾಬ್ತಿಗೇ ಕೊಡಿ. ಭೇಟಿಗೆ 800 ರೂ. ಹಿಡಿದರೆ 50 ಭೇಟಿ. ಮೂರು ತಿಂಗಳಿಗೊಮ್ಮೆಯಂತೆ 12 ಮಂದಿಯ ಒಂದು ವರ್ಷ. ಒಂದು ಎಚ್ಚರಿಕೆ: ನೀತಿ ಸಮಿತಿ (ಸಂಶೋಧನೆಯಲ್ಲಿ ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ) ಒಪ್ಪಿದ ಯೋಜನೆಯಲ್ಲೇ ಪ್ರಯಾಣಭತ್ಯೆಯನ್ನು ಬರೆದಿರಬೇಕು, ಇಲ್ಲದಿದ್ದರೆ ಅದು ರೋಗಿಗೆ ಒಡ್ಡಿದ ಆಮಿಷವಾಗುತ್ತದೆ.

ಮೊದಲು ವೈದ್ಯಕೀಯ ಕಾಲೇಜಿನ ರುಮಟಾಲಜಿ (ಲೂಪಸ್, ಸಂಧಿವಾತದಂಥ ರೋಗಗಳ) ವಿಭಾಗಕ್ಕೆ ಪತ್ರ ಬರೆದು ನೀತಿ ಸಮಿತಿಯ ಅನುಮತಿ ಸಂಖ್ಯೆ ಕೇಳಿ. ಔಷಧ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆಯೂ ಇರಬೇಕು. ಆ ದಾಖಲೆಯನ್ನು ಯಾರು ಬೇಕಾದರೂ ತೆಗೆದು ಓದಬಹುದು. ಚೆಕ್ ಸಂಸ್ಥೆಯ ಹೆಸರಿಗಿರಲಿ, ಎಷ್ಟೇ ಒಳ್ಳೆಯ ಡಾಕ್ಟರಾದರೂ ಅವರ ಸ್ವಂತ ಹೆಸರಿಗೆ ಬೇಡ. ಜೊತೆಗಿನ ಪತ್ರದಲ್ಲಿ ಬಾಬ್ತು ನಮೂದಿಸಿ, ವರ್ಷದ ಕೊನೆಗೆ ಹಣ ಬಳಕೆಯ ಪ್ರಮಾಣಪತ್ರ ಬೇಕೆಂದು ಮೊದಲೇ ಬರೆದುಬಿಡಿ. 2,000 ರೂ. ಮೀರಿದ ನಗದು ದಾನಕ್ಕೆ ತೆರಿಗೆ ವಿನಾಯಿತಿ ಇಲ್ಲ.

ಗಲ್ಫಿನ ಮಕ್ಕಳ ವಿಚಾರ. ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಡುವುದಾದರೆ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇರಬೇಕು. ಹಣ ಮೊದಲು ಆ ಸಂಸ್ಥೆಗೆ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಬರಬೇಕು.

ಇನ್ನು ನಿಮ್ಮ ಆ ಇಬ್ಬರಿಗೆ ಒಂದು ಮಾತು ಹೇಳಿ: ಪ್ರತಿ ವರದಿಯ ಫೋಟೊ ತೆಗೆದು, ತಾರೀಕು ಬರೆದು, ಒಂದೇ ಫೈಲಿನಲ್ಲಿಟ್ಟು ಮಂಗಳೂರಿಗೆ ಒಯ್ಯಲಿ. ಅದಕ್ಕೆ ಯಾರ ದೇಣಿಗೆಯೂ ಬೇಡ, ಈ ವಾರವೇ ಶುರುಮಾಡಬಹುದು.