ವೈವಾಕ್ಕೆ ನಾಲ್ಕು ವಾರ ಇದೆಯೇ? ಸ್ಲೈಡ್ ಫೈಲನ್ನು ಸದ್ಯ ಮುಚ್ಚಿಡಿ

ಥೀಸಿಸ್ ಸಲ್ಲಿಸಿ ಆಗಿದೆ, ವೈವಾಕ್ಕೆ, ಅಂದರೆ ಥೀಸಿಸ್ ಕುರಿತ ಮೌಖಿಕ ಪರೀಕ್ಷೆಗೆ, ನಾಲ್ಕು ವಾರ ಉಳಿದಿದೆ, ಮಾತಾಡಲು 30 ನಿಮಿಷ ಕೊಟ್ಟಿದ್ದಾರೆ, ಸ್ಲೈಡ್ ಆಗಲೇ 60 ದಾಟಿದೆ, ಮುಂದೇನು ಅಂತ ಕೇಳಿದ್ದೀರಿ. ಮೊದಲ ಎರಡು ವಾರ ಆ ಸ್ಲೈಡ್ ಫೈಲನ್ನು ತೆರೆಯಲೇಬೇಡಿ. ಪರೀಕ್ಷಕರು ಓದಿಕೊಂಡು ಬರುವುದು ನಿಮ್ಮ ಥೀಸಿಸ್ಸನ್ನು. ಅವರ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಟ್ಟುವುದೂ ಅದರಿಂದಲೇ.

ಸಲ್ಲಿಸಿದ ಪ್ರತಿಯದೇ ಒಂದು ಪ್ರಿಂಟ್ ತೆಗೆದುಕೊಂಡು, ಪೆನ್ಸಿಲ್ ಹಿಡಿದು ಮೊದಲ ಪುಟದಿಂದ ಓದಿ. ದಿನಕ್ಕೆ ಒಂದು ಅಧ್ಯಾಯಕ್ಕಿಂತ ಹೆಚ್ಚು ಬೇಡ. ಪ್ರತಿ ಪುಟದ ಮೇಲ್ತುದಿಯಲ್ಲಿ ಆ ಪುಟದ ಸಾರವನ್ನು ಆರೇಳು ಪದಗಳಲ್ಲಿ ಬರೆಯಿರಿ. ಬರೆಯಲು ಬರದ ಪುಟ ಸಿಕ್ಕಿತೋ, ಪರೀಕ್ಷಕರೂ ಅಲ್ಲೇ ಎಡವಿರುತ್ತಾರೆ ಅಂದುಕೊಳ್ಳಿ. ಅಧ್ಯಾಯ ಶುರುವಾಗುವಲ್ಲಿ, ಮುಖ್ಯ ಕೋಷ್ಟಕಗಳಿರುವಲ್ಲಿ ಬಣ್ಣದ ಚೀಟಿ ಅಂಟಿಸಿ. ಕಾಗುಣಿತದ ತಪ್ಪು, ಕೂಡಿಸಿದರೆ ತಾಳೆಯಾಗದ ಮೊತ್ತ, ಅದಲುಬದಲಾದ ಚಿತ್ರಸಂಖ್ಯೆ ಕಂಡರೆ ಪುಟದ ಸಮೇತ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಅವರು ಅದನ್ನೆತ್ತಿದಾಗ “ಹೌದು, ತಿದ್ದುಪಡಿ ಪಟ್ಟಿಯಲ್ಲಿ ಸೇರಿಸಿದ್ದೇನೆ” ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಇದರ ಜೊತೆಗೆ ಮಾಡಬೇಕಾದ ಇನ್ನೊಂದು ಕೆಲಸವಿದೆ, ನನ್ನ ದೃಷ್ಟಿಯಲ್ಲಿ ಇಡೀ ತಯಾರಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಥೀಸಿಸ್‌ನಲ್ಲಿ ನೀವು ತೆಗೆದುಕೊಂಡ ನಿರ್ಧಾರಗಳನ್ನೆಲ್ಲ ಪಟ್ಟಿ ಮಾಡಿ. ಈ ವಿಷಯವೇ ಏಕೆ, ಈ ಕಾಲಾವಧಿಯೇ ಏಕೆ, ಮಾದರಿಗಳು 120 ಏಕೆ, ಪ್ರಶ್ನಾವಳಿ ಏಕೆ, ಸಂದರ್ಶನ ಏಕಲ್ಲ. ಇಂಥ ನಿರ್ಧಾರಗಳು ಸಾಮಾನ್ಯವಾಗಿ 25–30 ಆಗುತ್ತವೆ. ಒಂದೊಂದರ ಮುಂದೆಯೂ ಮೂರು ಸಂಗತಿ ಬರೆಯಿರಿ: ಅದನ್ನು ಆರಿಸಿದ ಕಾರಣ, ಕೈಬಿಟ್ಟ ಪರ್ಯಾಯ, ಆರಿಸಿದ್ದರಿಂದ ಕಳೆದುಕೊಂಡದ್ದು. ಮೂರನೆಯದನ್ನು ಹೆಚ್ಚಿನವರು ಬರೆಯುವುದೇ ಇಲ್ಲ, ಪರೀಕ್ಷಕರು ಕೆದಕುವುದು ಅದನ್ನೇ. “ಸಮಯ, ಹಣ ಇಷ್ಟೇ ಇತ್ತು, ಹಾಗಾಗಿ 120ಕ್ಕೆ ನಿಲ್ಲಿಸಿದೆ; ಇದರಿಂದ ಸಣ್ಣ ವ್ಯತ್ಯಾಸಗಳನ್ನು ಗುರುತಿಸಲು ಆಗುವುದಿಲ್ಲ” ಅನ್ನುವುದು ಒಳ್ಳೆಯ ಉತ್ತರ. “ಗೈಡ್ ಹೇಳಿದರು” ಅನ್ನುವುದು ಉತ್ತರವೇ ಅಲ್ಲ.

ಗ್ರಾಫ್‌ಗಳಿಗೆಂದೇ ಒಂದು ದಿನ ಇಡಿ. ಹಳೆಯ ವಿಧಾನದ ಅಂಕ 82, ನಿಮ್ಮದು 86 ಅಂತಿಟ್ಟುಕೊಳ್ಳಿ. ಲಂಬ ಅಕ್ಷ 80ರಿಂದ ಶುರುವಾಗಿದ್ದರೆ ಒಂದು ಕಂಬದ ಎತ್ತರ 2, ಇನ್ನೊಂದರದು 6. ನಾಲ್ಕೇ ಅಂಕದ ವ್ಯತ್ಯಾಸ ಕಣ್ಣಿಗೆ ಮೂರು ಪಟ್ಟಾಗಿ ಕಾಣುತ್ತದೆ, ಅನುಭವಿ ಪರೀಕ್ಷಕರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಕಂಬದ ತುದಿಯಲ್ಲಿರುವ ಸಣ್ಣ ಗೆರೆ ಸ್ಟ್ಯಾಂಡರ್ಡ್ ಡೀವಿಯೇಷನ್ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ) ಆಗಿದೆಯೋ, ಸ್ಟ್ಯಾಂಡರ್ಡ್ ಎರರ್ (ಸರಾಸರಿಯೇ ಎಷ್ಟು ಅನಿಶ್ಚಿತ) ಆಗಿದೆಯೋ ಅನ್ನುವುದೂ ನಾಲಿಗೆ ತುದಿಯಲ್ಲಿರಬೇಕು. 25 ಮಾದರಿಗಳಿದ್ದರೆ ಎರಡನೆಯದು ಮೊದಲನೆಯದರ ಐದನೇ ಒಂದು ಭಾಗವಷ್ಟೇ. ಹಾಗೆಯೇ ಎರಡು ಸಂಗತಿಗಳ ನಡುವಿನ ಸಹಸಂಬಂಧ 0.3, ಪಿ ಮೌಲ್ಯ (ಸಂಬಂಧವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಕಾಣುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಎಂದು ಬರೆದು ಬೀಗಿದ್ದರೆ, 0.3ರ ವರ್ಗ 0.09 ಅನ್ನುವುದು ನೆನಪಿರಲಿ. ಅಂದರೆ ಏರಿಳಿತದಲ್ಲಿ ಶೇ 9ರಷ್ಟನ್ನು ಮಾತ್ರ ಅದು ವಿವರಿಸುತ್ತದೆ, ಉಳಿದ ಶೇ 91 ಎಲ್ಲಿಂದ ಬಂತು ಅಂತ ಕೇಳಿಯೇ ಕೇಳುತ್ತಾರೆ. ಸಾಹಿತ್ಯವೋ ಇತಿಹಾಸವೋ ನಿಮ್ಮ ವಿಷಯವಾಗಿದ್ದರೆ ಗ್ರಾಫಿನ ಜಾಗದಲ್ಲಿ ಉದ್ಧರಣೆಗಳಿರುತ್ತವೆ. ವಾದದ ಭಾರ ಹೊತ್ತ ಹತ್ತನ್ನು ಆರಿಸಿ, ಮೂಲದಲ್ಲಿ ಹಿಂದುಮುಂದಿನ ಪುಟಗಳ ಸಮೇತ ಮತ್ತೊಮ್ಮೆ ಓದಿ.

ಮೂರನೇ ವಾರ ಸ್ಲೈಡ್. 30 ನಿಮಿಷಕ್ಕೆ 19ರ ಆಸುಪಾಸು ಸಾಕು: ಸಮಸ್ಯೆ ಮತ್ತು ನೀವು ಹೊಸದಾಗಿ ಕಂಡದ್ದು 3, ಹಿಂದಿನ ಅಧ್ಯಯನಗಳು 2, ವಿಧಾನ 4, ಫಲಿತಾಂಶ 8, ಮಿತಿ 1, ನಿರ್ಣಯ 1. ಹೆಚ್ಚಿನವರು ಕೆಡುವುದು ಹಿಂದಿನ ಅಧ್ಯಯನಗಳಲ್ಲಿ. ಅದಕ್ಕೇ 12 ನಿಮಿಷ ಹೋಗುತ್ತದೆ, ಫಲಿತಾಂಶಕ್ಕೆ ಬರುವಷ್ಟರಲ್ಲಿ ಅಧ್ಯಕ್ಷರು ಗಡಿಯಾರ ನೋಡುತ್ತಿರುತ್ತಾರೆ. ನಿಮ್ಮ ಹೊಸ ಕೊಡುಗೆ ಏನು ಅನ್ನುವುದು ಮೂರನೇ ನಿಮಿಷದೊಳಗೆ ಹೊರಬೀಳಲಿ. ಶೀರ್ಷಿಕೆಯಲ್ಲಿ “ಫಲಿತಾಂಶ 3” ಎನ್ನುವ ಬದಲು “ತೇವಾಂಶ ಹೆಚ್ಚಿದಂತೆ ಬಲ ಕುಗ್ಗುತ್ತದೆ” ಎಂದು ಪೂರ್ತಿ ವಾಕ್ಯ ಹಾಕಿ. ಅಕ್ಷರ 24 ಪಾಯಿಂಟ್‌ಗಿಂತ ಚಿಕ್ಕದಾಗದಿರಲಿ. ಥೀಸಿಸ್‌ನ ಕೋಷ್ಟಕವನ್ನು ಹಾಗೇ ಎತ್ತಿ ಅಂಟಿಸಬೇಡಿ. ಮಾತಿಗೆ ಬೇಕಾದ ಎರಡು ಸಾಲು ಮಾತ್ರ ಉಳಿಸಿ. ಕೊನೆಯಲ್ಲಿ “ಧನ್ಯವಾದಗಳು” ಎಂಬ ಸ್ಲೈಡ್ ಬೇಡ, ಅದನ್ನು ಬಾಯಲ್ಲಿ ಹೇಳಿದರಾಯಿತು. ಪ್ರಶ್ನೋತ್ತರದ ಉದ್ದಕ್ಕೂ ಪರದೆಯ ಮೇಲೆ ಉಳಿಯುವುದು ಕೊನೆಯ ಸ್ಲೈಡ್, ಅಲ್ಲಿ ನಿರ್ಣಯಗಳೇ ಇರಲಿ.

ಕಿತ್ತುಹಾಕಿದ ಸ್ಲೈಡುಗಳನ್ನು ಎಸೆಯಬೇಡಿ. ನಿರ್ಣಯದ ನಂತರ ಸಾಲಾಗಿ ಇಟ್ಟು, ಯಾವುದು ಎಷ್ಟನೆಯದು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪವರ್‌ಪಾಯಿಂಟ್ ಓಡುತ್ತಿರುವಾಗ 27 ಒತ್ತಿ ಎಂಟರ್ ಹೊಡೆದರೆ ನೇರ 27ನೇ ಸ್ಲೈಡಿಗೆ ಹೋಗುತ್ತದೆ. ಪಿಡಿಎಫ್ ಪ್ರತಿಯೊಂದು ಪೆನ್‌ಡ್ರೈವ್‌ನಲ್ಲಿರಲಿ. ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಸಮೀಕರಣಗಳು ಚೆಲ್ಲಾಪಿಲ್ಲಿಯಾಗುವುದು ಮಾಮೂಲು.

ಕೊನೆಯ ವಾರ ಎರಡು ಸಲವಾದರೂ ಜನರ ಮುಂದೆ ನಿಂತು, ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು ಹೇಳಿ. ಒಮ್ಮೆ ನಿಮ್ಮ ಕ್ಷೇತ್ರದವರ ಮುಂದೆ, ಇನ್ನೊಮ್ಮೆ ಅದರ ಗಂಧಗಾಳಿ ಇಲ್ಲದವರ ಮುಂದೆ. ಮೊದಲ ಸಲ 40 ನಿಮಿಷ ಆದರೆ ಗಾಬರಿ ಬೇಡ. ಆದರೆ ವೇಗ ಹೆಚ್ಚಿಸಬೇಡಿ, ಸ್ಲೈಡ್ ಕಡಿಮೆ ಮಾಡಿ. 28 ನಿಮಿಷಕ್ಕೆ ಮುಗಿದರೆ ಸರಿಯಾಯಿತು. ಬಾಯಿಪಾಠ ಬೇಕಿರುವುದು ಮೊದಲ ಎರಡು ವಾಕ್ಯಗಳಿಗೆ ಮಾತ್ರ. ಗಂಟಲು ಒಣಗುವುದು ಅಲ್ಲೇ.

ಪ್ರಶ್ನೆ ಬಂದಾಗ ಪೂರ್ತಿ ಕೇಳಿಸಿಕೊಳ್ಳಿ, ಬರೆದುಕೊಳ್ಳಿ, ಒಂದು ಉಸಿರು ಬಿಡಿ. ಉತ್ತರ ಮೊದಲು, ಕಾರಣ ಆಮೇಲೆ, ಕೊನೆಗೆ ಪುಟಸಂಖ್ಯೆ. ಎರಡು ನಿಮಿಷ ದಾಟಿದರೆ ನೀವೇ ಹೊಸ ಪ್ರಶ್ನೆಗೆ ಬಾಗಿಲು ತೆರೆದಂತೆ. ಅರ್ಥವಾಗದಿದ್ದರೆ “ನೀವು ಕೇಳುತ್ತಿರುವುದು ಮಾದರಿಯ ಆಯ್ಕೆಯ ಬಗ್ಗೆಯೇ ಸರ್?” ಎಂದು ಖಚಿತಪಡಿಸಿಕೊಳ್ಳಿ. ಗೊತ್ತಿಲ್ಲದಿದ್ದರೆ “ಇದನ್ನು ನಾನು ಪರೀಕ್ಷಿಸಿಲ್ಲ. ಪರೀಕ್ಷಿಸಬೇಕಾದರೆ ಹೀಗೆ ಮಾಡುತ್ತೇನೆ” ಅನ್ನಿ. ಊಹೆಯನ್ನು ಫಲಿತಾಂಶದಂತೆ ಹೇಳಿದರೆ ಮುಂದಿನ ಮೂರು ಪ್ರಶ್ನೆ ಅದರ ಮೇಲೆಯೇ ಬರುತ್ತವೆ. ಟೀಕೆ ಸರಿ ಅನ್ನಿಸಿದರೆ ಒಪ್ಪಿಕೊಳ್ಳಿ; ಸರಿಯಲ್ಲ ಅನ್ನಿಸಿದರೆ ದತ್ತಾಂಶ ತೋರಿಸಿ ಒಮ್ಮೆ ಹೇಳಿ, ಎರಡನೇ ಸಲ ಎಳೆಯಬೇಡಿ.

ಇನ್ನೊಂದು ಮಾತು. ಸಾಧ್ಯವಾದರೆ ನಿಮ್ಮ ಪರವಾಗಿ ಪ್ರಶ್ನೆಗಳನ್ನು ಬರೆದುಕೊಳ್ಳಲು ಗೆಳೆಯರೊಬ್ಬರನ್ನು ಒಳಗೆ ಕೂರಿಸಿ. ಆ ಒತ್ತಡದಲ್ಲಿ ಕೇಳಿದ್ದರಲ್ಲಿ ಅರ್ಧ ಸಂಜೆಗೇ ಮರೆತುಹೋಗಿರುತ್ತದೆ. ಅವರು ಬರೆದದ್ದನ್ನು ಅದೇ ರಾತ್ರಿ ಮೂರು ಕಾಲಂ ಮಾಡಿ ಇಳಿಸಿ: ಪರೀಕ್ಷಕರು ಹೇಳಿದ್ದು, ನೀವು ಮಾಡಲಿರುವ ಬದಲಾವಣೆ, ಪುಟ. ತಿದ್ದಿದ ಪ್ರತಿಯ ಜೊತೆ ಸಲ್ಲಿಸಲು ಅದೇ ಪಟ್ಟಿ ಒದಗುತ್ತದೆ.