ದುಬೈಯಲ್ಲಿದ್ದಾಗ ಕಣ್ಣಲ್ಲಿ ಮಿಂಚು ಕಂಡರೆ ಊರಿಗೆ ಬರುವವರೆಗೆ ಕಾಯಬಹುದೇ?

ಊರು ಕುಂಬಳೆ, ಕೆಲಸ ದುಬೈಯಲ್ಲಿ. ಒಂದು ಕಣ್ಣಲ್ಲಿ ಆಗಾಗ ಮಿಂಚು, ಹೊಸದಾಗಿ ಕಪ್ಪು ಚುಕ್ಕೆಗಳು. ಮುಂದಿನ ತಿಂಗಳು ರಜೆಯಲ್ಲಿ ಬಂದಾಗ ಮಂಗಳೂರಲ್ಲಿ ತೋರಿಸಿದರೆ ಸಾಕಾ ಅಂತ ಕೇಳಿದ್ದೀರಿ, ಅಲ್ವಾ?

ದಯವಿಟ್ಟು ಕಾಯಬೇಡಿ. ಇವತ್ತೇ, ಅಲ್ಲೇ ತೋರಿಸಿ. ರೆಟಿನಾ, ಅಂದರೆ ಕಣ್ಣೊಳಗೆ ಹಿಂಬದಿಯಲ್ಲಿರುವ ತೆಳು ಪದರ, ಹರಿದಿರಬಹುದು. ಬರೀ ಹರಿದಿದ್ದರೆ ಸಾಮಾನ್ಯವಾಗಿ ಲೇಸರ್ ಹಾಕಿ ಅದೇ ದಿನ ಮನೆಗೆ ಕಳಿಸುತ್ತಾರೆ. ಆ ಪದರ ತನ್ನ ಜಾಗದಿಂದ ಕಳಚಿಕೊಂಡರೆ ಆಪರೇಷನ್ ಬೇಕಾಗುತ್ತದೆ. ಒಂದು ಬದಿಯಿಂದ ಪರದೆ ಇಳಿದ ಹಾಗೆ ಕಂಡರೆ ನೇರ ಎಮರ್ಜೆನ್ಸಿಗೆ ಹೋಗಿ. ಇದರಲ್ಲಿ ನೋವಿರುವುದಿಲ್ಲ, ಅದಕ್ಕೇ ಎಷ್ಟೋ ಜನ ಸುಮ್ನೆ ಇದ್ದುಬಿಡುತ್ತಾರೆ.

ಕನ್ನಡಕದ ಅಂಗಡಿಯ ಪರೀಕ್ಷೆ ಸಾಲದು. ಕಣ್ಣಿಗೆ ಔಷಧಿಯ ಹನಿ ಹಾಕಿ, ಕಣ್ಣುಪಾಪೆ ಹಿಗ್ಗಿಸಿ ನೋಡುವ ಕಣ್ಣಿನ ಡಾಕ್ಟರೇ ಬೇಕು, ರೆಟಿನಾ ತಜ್ಞರಾದರೆ ಒಳ್ಳೆಯದು. ಆಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಕಾರು ಓಡಿಸಬೇಡಿ.

ನಿಮ್ಮಂಥವರಿಗೆ ಜಾಸ್ತಿ ಮುಖ್ಯವಾದ ಮಾತು ಇದು: ಆಪರೇಷನ್‌ನಲ್ಲಿ ರೆಟಿನಾವನ್ನು ಅದರ ಜಾಗದಲ್ಲಿ ಹಿಡಿದಿಡಲು ಕಣ್ಣೊಳಗೆ ಗ್ಯಾಸ್ ತುಂಬಿದ್ದರೆ, ಅದು ಪೂರ್ತಿ ಕರಗುವವರೆಗೆ ವಿಮಾನ ಹತ್ತಲೇಬಾರದು. ಅದಕ್ಕೆ ವಾರಗಟ್ಟಲೆ ಬೇಕು. ಮೇಲೆ ಹೋದಾಗ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ, ದೃಷ್ಟಿಯೇ ಹೋಗಬಹುದು. ಡಾಕ್ಟರ್ ಸರಿ ಅಂದ ಮೇಲೆಯೇ ಟಿಕೆಟ್ ಮಾಡಿ.

ಸ್ಕ್ಯಾನ್ ಮತ್ತು ಡಿಸ್ಚಾರ್ಜ್ ಕಾಗದಗಳ ಪ್ರತಿ ಕೇಳಿ ತೆಗೆದುಕೊಳ್ಳಿ. ಊರಲ್ಲಿ ಮುಂದಿನ ತಪಾಸಣೆ ಮಾಡುವವರಿಗೆ ಅದು ಬೇಕೇ ಬೇಕು.