ಮನೆ ರುಚಿ ಅಂದರೆ ಯಾರ ಮನೆಯದು?

ಓದುಗರ ಪತ್ರ

“ಸಂಪಾದಕರೇ, ಹೋದ ಸಂಚಿಕೆಯಲ್ಲಿ ಸಣ್ಣ ಹೋಟೆಲುಗಳ ಬಗ್ಗೆ ಹಾಕಿದ ಲೇಖನದಲ್ಲಿ ‘ಮನೆ ರುಚಿ’ ಅನ್ನುವ ಮಾತು ಏಳು ಸಲ ಬಂದಿದೆ. ಎಣಿಸಿದ್ದೇನೆ. ಮನೆ ರುಚಿ ಬೇಕಿದ್ದರೆ ಮನೆಯಲ್ಲೇ ತಿನ್ನಬಹುದಲ್ಲ, ಆಟೋಗೆ ದುಡ್ಡು ಕೊಟ್ಟು ಯಾಕೆ ಹೋಗಬೇಕು? ನಿಮ್ಮ ಲೇಖನ ಓದಿದ ಮಗಳು ನನ್ನನ್ನು ಭಾನುವಾರ ಬೆಳಗ್ಗೆ ಒಂದು ದರ್ಶಿನಿಗೆ ಕರೆದುಕೊಂಡು ಹೋದಳು. ಕೂರೋಕೆ ಜಾಗ ಇಲ್ಲ. 71 ವರ್ಷದ ನಾನು ನಿಂತೇ ತಿಂದೆ. ಸಾಂಬಾರಿಗೆ ಬೆಲ್ಲ. ಚಟ್ನಿಯಲ್ಲಿ ಕಾಯಿ ಹುಡುಕಿದೆ, ಹುರಿಗಡಲೆ ಸಿಕ್ಕಿತು. ಖಾರಾಬಾತನ್ನು ನಾನೇ ಅದಕ್ಕಿಂತ ಚೆನ್ನಾಗಿ ಮಾಡುತ್ತೇನೆ. ದೋಸೆ ಮಾತ್ರ ನಮ್ಮ ಮನೆಯಲ್ಲಿ ಹಾಗೆ ಬರಲ್ಲ, ಒಪ್ಪಿಕೊಳ್ಳುತ್ತೇನೆ. ಅದು ಯಾಕೆ ಅಂತಾದರೂ ಹೇಳಿ.”
– ತಿಪಟೂರಿನ ಓದುಗರು, ಸದ್ಯ ಬೆಂಗಳೂರಿನಲ್ಲಿ ಮಗಳ ಮನೆ (ಹೆಸರು ಹಾಕಬೇಡಿ ಅಂದಿದ್ದಾರೆ)

ಸಂಪಾದಕರ ಉತ್ತರ

ನಮಸ್ಕಾರ ಅಮ್ಮ,

ನಿಮ್ಮ ಪತ್ರವನ್ನು ಆಫೀಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಿದೆ. ‘ಹುರಿಗಡಲೆ ಸಿಕ್ಕಿತು’ ಅನ್ನುವಲ್ಲಿ ಮೊದಲು ನಕ್ಕಿದ್ದು ಆ ಲೇಖನ ಬರೆದ ಹುಡುಗನೇ. ಪಾಪ, ಅವನದು ತಪ್ಪಿಲ್ಲ. ಪುಟಕ್ಕೆ ಹೋಗುವ ಮುಂಚೆ ಓದಿ ಸಹಿ ಹಾಕಿದವನು ನಾನು. ಏಳು ‘ಮನೆ ರುಚಿ’ಗಳೂ ನನ್ನ ಕಣ್ಣೆದುರೇ ದಾಟಿ ಹೋಗಿವೆ.

ಆ ಮಾತು ನಮಗೆ ಎಷ್ಟು ರೂಢಿಯಾಗಿದೆ ಅಂದರೆ, ಹೋಟೆಲಿನ ಊಟ ಚೆನ್ನಾಗಿದೆ ಅಂತ ಹೇಳಲು ಬೇರೆ ಪದವೇ ಹೊಳೆಯುವುದಿಲ್ಲ. ಆದರೆ ನಿಮ್ಮ ಬೆಲ್ಲದ ದೂರನ್ನೇ ನೋಡಿ. ಬೆಂಗಳೂರಿನ ಸಸ್ಯಾಹಾರಿ ಹೋಟೆಲುಗಳಲ್ಲಿ ಬಹಳಷ್ಟನ್ನು ಕಟ್ಟಿದವರು ಉಡುಪಿ, ಕುಂದಾಪುರ ಕಡೆಯಿಂದ ಬಂದವರು. 1924ರಲ್ಲಿ ಎಂಟಿಆರ್ ಶುರು ಮಾಡಿದ ಮಯ್ಯ ಸಹೋದರರು ಬಂದಿದ್ದೂ ಆ ಕಡೆಯಿಂದಲೇ. ಊರು ಬಿಟ್ಟು ಬಂದ ಹುಡುಗರು ಮೊದಲು ಲೋಟ ತೊಳೆದರು, ಆಮೇಲೆ ಸಪ್ಲೈಯರ್ ಆದರು, ಅದೃಷ್ಟ ಇದ್ದವರು ಗಲ್ಲಾಕ್ಕೆ ಬಂದರು. ಅವರ ಮನೆಯಲ್ಲಿ ಹುಳಿಗೆ ಬೆಲ್ಲ ಬೀಳುತ್ತಿತ್ತು, ಹೋಟೆಲಿನಲ್ಲೂ ಬಿತ್ತು. ನಿಮ್ಮ ನಾಲಿಗೆಗೆ ಅದು ಸಿಹಿ. ಅಂದರೆ ಮನೆ ರುಚಿ ಇರುವುದು ನಿಜವೇ, ಮನೆ ಮಾತ್ರ ಬೇರೆಯವರದು. ಇದನ್ನು ನಾವು ಲೇಖನದಲ್ಲಿ ಹೇಳಬೇಕಿತ್ತು. ಹೇಳಲಿಲ್ಲ.

ಇನ್ನು ದೋಸೆ. ನೀವು ಕೇಳಿದ್ದರಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಉತ್ತರ ಹೆಚ್ಚಾಗಿ ಕಬ್ಬಿಣದಲ್ಲಿದೆ, ಸ್ವಲ್ಪ ಹಿಟ್ಟಿನಲ್ಲಿದೆ.

ಹೋಟೆಲಿನ ಕಾವಲಿಯನ್ನು ಹತ್ತಿರದಿಂದ ನೋಡಿದ್ದೀರಾ? ಮಂಚದ ಹಲಗೆಯಷ್ಟು ಅಗಲ, ಬೆರಳು ದಪ್ಪ. ಬೆಳಗ್ಗೆ ಹೊತ್ತಿಸಿದರೆ ಅದು ಆರುವುದೇ ಇಲ್ಲ. ತಣ್ಣನೆಯ ಹಿಟ್ಟು ಬಿದ್ದರೂ ಆ ಕಬ್ಬಿಣಕ್ಕೆ ಗೊತ್ತಾಗುವುದಿಲ್ಲ, ಅಷ್ಟು ಕಾವು ಒಳಗೆ ಕೂತಿರುತ್ತದೆ. ನಮ್ಮ ಮನೆಯ ಹೆಂಚು ತೆಳು. ಒಂದು ಸೌಟು ಹಿಟ್ಟು ಬಿದ್ದ ಕೂಡಲೇ ಕಾವು ಇಳಿಯುತ್ತದೆ. ಮತ್ತೆ ಏರುವಷ್ಟರಲ್ಲಿ ದೋಸೆ ಒಣಗಿರುತ್ತದೆ, ಕೆಂಪಾಗಿರುವುದಿಲ್ಲ. ಅದೂ ಉರಿ ಇರುವ ನಡುವೆ ಮಾತ್ರ ಬಣ್ಣ, ಅಂಚೆಲ್ಲ ಬಿಳಿ.

ಆಮೇಲೆ ಆ ಪೊರಕೆ. ಭಟ್ಟರು ಕಾವಲಿಗೆ ನೀರು ಚಿಮುಕಿಸಿ ಕಡ್ಡಿಪೊರಕೆಯಲ್ಲಿ ಗುಡಿಸುತ್ತಾರಲ್ಲ, ಅದನ್ನು ನೋಡಿ ಮೂಗು ಮುರಿಯುವವರಿದ್ದಾರೆ. ಚುಂಯ್ ಅಂತ ಆವಿ ಏಳುತ್ತದೆ, ಮೇಲ್ಮೈ ಮಾತ್ರ ಒಂದು ಗಳಿಗೆ ತಣ್ಣಗಾಗುತ್ತದೆ. ಆ ಗಳಿಗೆಯಲ್ಲೇ ಹಿಟ್ಟು ಸುರಿದು ಬಟ್ಟಲಿನ ತಳದಿಂದ ಸುತ್ತಿಸಬೇಕು. ತಡ ಮಾಡಿದರೆ ಹಿಟ್ಟು ಕಾವಲಿಗೆ ಕಚ್ಚಿ ಮುದ್ದೆಯಾಗುತ್ತದೆ. ಮೇಲ್ಮೈ ತಣ್ಣಗಿರುವಾಗ ಹರಡಿಕೊಂಡ ದೋಸೆಯನ್ನು ಕೆಳಗಿನ ಕಾವು ಎದ್ದು ಬಂದು ಕೆಂಪು ಮಾಡುತ್ತದೆ. ಮನೆಯಲ್ಲೂ ಇದನ್ನು ಅರ್ಧ ಸಾಧಿಸಬಹುದು: ದಪ್ಪ ಕಬ್ಬಿಣದ ಹೆಂಚು, ಪ್ರತಿ ದೋಸೆಗೂ ಮುಂಚೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒಂದು ಒರಸು. ಇನ್ನರ್ಧ ತುಪ್ಪದ ಲೆಕ್ಕ. ಭಟ್ಟರು ಹಾಕುವಷ್ಟನ್ನು ನಾವು ಮನೆಯಲ್ಲಿ ಹಾಕಿಕೊಂಡರೆ ಮಕ್ಕಳು ಸುಮ್ನೆ ಬಿಡಲ್ಲ.

ಹಿಟ್ಟಿನ ವಿಚಾರಕ್ಕೆ ಬಂದರೆ, ಕಲ್ಲಿನ ಗ್ರೈಂಡರಿನಲ್ಲಿ ರುಬ್ಬಿದ ಉದ್ದು ಬಿಸಿಯಾಗದೆ ಉಬ್ಬುತ್ತದೆ, ಮಿಕ್ಸಿಯಲ್ಲಿ ಬಿಸಿಯಾಗುತ್ತದೆ. ದೊಡ್ಡ ಪಾತ್ರೆಯ ಹಿಟ್ಟು ರಾತ್ರಿಯಿಡೀ ಒಂದೇ ಸಮನೆ ಹುದುಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಅವತ್ತೇ ಖರ್ಚಾಗುತ್ತದೆ. ಮೂರು ದಿನ ಫ್ರಿಜ್ಜಿನಲ್ಲಿ ಕೂರುವುದಿಲ್ಲ. ಅದಕ್ಕೇ ನಾನು ಹೊಸ ಹೋಟೆಲಿಗೆ ಹೋದಾಗ ಗೋಡೆ ಮೇಲಿನ ಪಟ್ಟಿ ಎಷ್ಟು ಉದ್ದ ಇದೆ ಅಂತ ಮೊದಲು ನೋಡುತ್ತೇನೆ. ಇಡ್ಲಿ, ದೋಸೆ, ಗೋಬಿ ಮಂಚೂರಿ, ನೂಡಲ್ಸ್, ಪನೀರ್ ಅಂತ ನೂರು ಐಟಂ ಇದ್ದರೆ ಕಾಫಿ ಕುಡಿದು ಎದ್ದು ಬರುತ್ತೇನೆ. 1965ರಲ್ಲಿ ಶುರುವಾದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಇಷ್ಟರಲ್ಲೇ ನಡೆಯುತ್ತದೆ. ಅಲ್ಲಿ ಸಾಂಬಾರೇ ಇಲ್ಲ. ಬೆಲ್ಲದ ತಂಟೆಯೂ ಇಲ್ಲ. ಬರೀ ಚಟ್ನಿ, ಕೇಳಿದಷ್ಟು.

ಚಟ್ನಿ ಅಂದಾಗ ನೆನಪಾಯಿತು. ಕಾಯಿ ರೇಟು ಏರಿದಾಗಲೆಲ್ಲ ಹೋಟೆಲ್ ಚಟ್ನಿಯಲ್ಲಿ ಹುರಿಗಡಲೆ ಏರುತ್ತದೆ. ಬರೀ ಕಾಯಿಯ ಚಟ್ನಿ ಬೇಗ ಹಳಸುತ್ತದೆ ಅನ್ನುವುದೂ ಒಂದು ಕಾರಣ. ಕಾಯಿ, ಕೊಬ್ಬರಿಯ ಊರಿನವರು ನೀವು. ಕಾಯಿಗೆ ರೇಟು ಬಂದರೆ ನಿಮ್ಮೂರಿಗೆ ಖುಷಿ, ನಮ್ಮ ತಟ್ಟೆಗೆ ಹುರಿಗಡಲೆ. ಯಾರ ಪರ ಮಾತಾಡಲಿ ಹೇಳಿ.

ನಿಂತು ತಿಂದಿದ್ದರ ಬಗ್ಗೆ ಬರೆಯುವಾಗ ನಿಮಗೆ ನಿಜಕ್ಕೂ ಸಿಟ್ಟು ಬಂದಿದೆ. ಬರಬೇಕಾದ್ದೇ. ದರ್ಶಿನಿ ಅನ್ನುವುದು ನಮ್ಮ ಅಜ್ಜಂದಿರ ಕಾಲದ್ದಲ್ಲ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಶುರು ಮಾಡಿದ ‘ಕೆಫೆ ದರ್ಶಿನಿ’ಯಿಂದ ಈ ಪದ್ಧತಿ ಊರೆಲ್ಲ ಹಬ್ಬಿತು. ಟೋಕನ್ ತಗೊಳ್ಳಿ, ತಟ್ಟೆ ನೀವೇ ತಗೊಳ್ಳಿ, ನಿಂತು ತಿನ್ನಿ, ಹೊರಡಿ. ಕುರ್ಚಿ ಇಲ್ಲದಿದ್ದರೆ ಜಾಗ ಕಡಿಮೆ ಸಾಕು, ಸಪ್ಲೈಯರ್ ಬೇಡ, ಹತ್ತು ನಿಮಿಷಕ್ಕೆ ಜನ ಬದಲಾಗುತ್ತಾರೆ. ಅದಕ್ಕೇ ಬೆಲೆ ಕಡಿಮೆ ಇತ್ತು. ಆಫೀಸಿಗೆ ಓಡುವವರಿಗೆ, ರೂಮಿನಲ್ಲಿ ಒಲೆ ಇಲ್ಲದ ಹುಡುಗರಿಗೆ ಅದು ದೊಡ್ಡ ಉಪಕಾರ. ನಾನೂ ಆ ಉಪಕಾರದಲ್ಲಿ ಬೆಳೆದವನೇ. ಆದರೆ ಆ ಲೆಕ್ಕ ಹಾಕುವಾಗ ಮಂಡಿ ನೋವಿನವರನ್ನು ಯಾರೂ ನೆನೆಸಿಕೊಳ್ಳಲಿಲ್ಲ. ಗೋಡೆಗೆ ಒತ್ತಿ ನಾಲ್ಕು ಸ್ಟೂಲ್ ಹಾಕಿದರೆ ಯಾವ ದರ್ಶಿನಿಯೂ ಮುಳುಗುವುದಿಲ್ಲ. ಇದನ್ನು ಮುಂದಿನ ಸಂಚಿಕೆಯಲ್ಲಿ ಬೇರೆಯಾಗಿ ಬರೆಯುತ್ತೇವೆ.

ಹಾಗೇ, ಬೈಯಲ್ಲ ಅಂದರೆ ಒಂದು ಮಾತು ಕೇಳುತ್ತೇನೆ. ಮನೆಯಲ್ಲಿ ದೋಸೆ ಮಾಡಿದ ದಿನ ನೀವು ಎಲ್ಲಿ ಕೂತು ತಿನ್ನುತ್ತೀರಿ?

ನಮ್ಮ ಅಮ್ಮ ಕೂರುತ್ತಿರಲಿಲ್ಲ. ಒಂದೊಂದೇ ದೋಸೆ ಎದ್ದ ಹಾಗೆ ನಮ್ಮ ತಟ್ಟೆಗೆ ಬರುತ್ತಿತ್ತು. ಎಲ್ಲರದೂ ಮುಗಿದ ಮೇಲೆ ಕೊನೆಯ ಹಿಟ್ಟನ್ನು ಬಳಿದು ದಪ್ಪಗೆ ಒಂದು ಹುಯ್ದುಕೊಂಡು, ಒಲೆ ಪಕ್ಕ ನಿಂತೇ ತಿಂದು ಮುಗಿಸುತ್ತಿದ್ದರು. ಅರವತ್ತು ದಾಟಿದ ಮೇಲೆ ಒಮ್ಮೆ ಅವರನ್ನು ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಕರೆದುಕೊಂಡು ಹೋದೆ. ಸಪ್ಲೈಯರ್ ಒಂದೇ ಕೈಯಲ್ಲಿ ದೋಸೆ ತಟ್ಟೆಗಳನ್ನು ಭುಜದವರೆಗೆ ಪೇರಿಸಿಕೊಂಡು ಬಂದು ಟಕ್ ಅಂತ ಇಟ್ಟು ಹೋದ. ಅಮ್ಮ ಮಡಿಕೆ ಬಿಚ್ಚಿ ಪಲ್ಯವನ್ನು ಪರೀಕ್ಷೆ ಪೇಪರ್ ತಿದ್ದುವವರ ಹಾಗೆ ನೋಡಿದರು. ‘ಉಪ್ಪು ಒಂಚೂರು ಮುಂದಿದೆ’ ಅಂದರು. ಅಷ್ಟು ಹೇಳಿ, ಒಂದು ಚೂರೂ ಬಿಡದೆ ತಿಂದರು. ನಾನು ಬಿಲ್ಲು ಕೇಳಲು ಕೈ ಎತ್ತಿದೆ. ಅಮ್ಮ ‘ಇನ್ನೊಂದು ದೋಸೆ ಹೇಳು, ಬಿಸಿ ಇರುವಾಗ ಎರಡನೇದು ತಿಂದು ಯಾವ ಕಾಲವಾಯಿತೋ’ ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಹೇಳಿದೆ, ದೋಸೆ ಬಂತು.

ಆಟೋಗೆ ದುಡ್ಡು ಕೊಟ್ಟು ಯಾಕೆ ಹೋಗಬೇಕು ಅಂತ ಕೇಳಿದ್ದೀರಲ್ಲ, ನನ್ನ ಹತ್ತಿರ ಇರುವ ಕಾರಣ ಇದೊಂದೇ. ರುಚಿಯಲ್ಲಿ ನಿಮ್ಮ ಖಾರಾಬಾತೇ ಗೆಲ್ಲಲಿ. ಆದರೆ ಅದನ್ನು ಮಾಡುವವರೂ ನೀವೇ, ಬಡಿಸುವವರೂ ನೀವೇ, ಬಾಣಲೆ ತಿಕ್ಕುವವರೂ ಬಹುಶಃ ನೀವೇ. ಹೋಟೆಲಿನದು ಸ್ವಲ್ಪ ಕಡಿಮೆ ಇದ್ದರೂ ಅದು ಬೇರೆಯವರು ಮಾಡಿ ತಂದಿಟ್ಟದ್ದು.

ನಮ್ಮ ‘ಮನೆ ರುಚಿ’ ಪೂರ್ತಿ ಸುಳ್ಳೂ ಅಲ್ಲ ಅಂತ ಹೇಳಿ ಸ್ವಲ್ಪ ಮರ್ಯಾದೆ ಉಳಿಸಿಕೊಳ್ಳುತ್ತೇನೆ. ಹುಬ್ಬಳ್ಳಿ, ವಿಜಯಪುರ ಕಡೆಯ ಖಾನಾವಳಿಗಳಲ್ಲಿ ಕೂತಲ್ಲಿಗೇ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು ಬರುತ್ತವೆ. ಎಷ್ಟೋ ಖಾನಾವಳಿಗಳಿಗೆ ಸುತ್ತಮುತ್ತಲ ಮನೆಗಳ ಹೆಂಗಸರೇ ರೊಟ್ಟಿ ಬಡಿದು ಕೊಡುತ್ತಾರೆ. ಅಲ್ಲಿ ಆ ಪದ ಹಾಕಿದರೆ ನೀವೂ ಬೇಡ ಅನ್ನುವುದಿಲ್ಲ. ನಮ್ಮ ಲೇಖನದಲ್ಲಿ ಖಾನಾವಳಿಯೇ ಇರಲಿಲ್ಲ, ಅದು ಬೇರೆ ಮಾತು.

ಮುಂದಿನ ಸಲ ಭಾನುವಾರ ಬೆಳಗ್ಗೆ ಬೇಡಮ್ಮ, ಅವತ್ತು ಇಡೀ ಬೆಂಗಳೂರು ಹೋಟೆಲಿನಲ್ಲೇ ಇರುತ್ತದೆ. ವಾರದ ನಡುವೆ ಮಧ್ಯಾಹ್ನ ಮೂರೂವರೆ ಸುಮಾರಿಗೆ ಹೋಗಿ. ವಿದ್ಯಾರ್ಥಿ ಭವನದಲ್ಲಿ ಕೂರಲು ಬೆಂಚುಂಟು, ಶುಕ್ರವಾರ ಮಾತ್ರ ರಜೆ. ಎದುರಿಗೆ ಗುರುತಿಲ್ಲದವರು ಬಂದು ಕೂತರೆ ಬೇಜಾರು ಮಾಡಿಕೊಳ್ಳಬೇಡಿ, ಅಲ್ಲಿ ಹಾಗೇ. ಬೇರೆ ಕಡೆ ಹೋದರೆ ‘ಸಾಂಬಾರ್ ಡಿಪ್ ಬೇಡ, ಸಪರೇಟ್’ ಅನ್ನಿ. ಬೆಲ್ಲ ಬಟ್ಟಲಲ್ಲೇ ಉಳಿಯುತ್ತದೆ. ಕಾಫಿಯನ್ನು ಮಗಳ ಜೊತೆ ಬೈಟೂ ಮಾಡಬೇಡಿ, ಪೂರ್ತಿ ಒಂದು ತರಿಸಿಕೊಳ್ಳಿ.

ಇನ್ನೊಂದು. ನಿಮ್ಮ ಎಣಿಕೆಯಲ್ಲಿ ಒಂದು ತಪ್ಪಿದೆ. ಫೋಟೋ ಕೆಳಗಿನ ಸಾಲನ್ನು ನೀವು ನೋಡಿಲ್ಲ ಅಂತ ಕಾಣುತ್ತದೆ. ಒಟ್ಟು ಎಂಟು.

– ಸಂಪಾದಕ